ಯಜಮಾನರ ಪುಷ್ಟಿಹಿಟ್ಟು

ಹೋದ ವಾರ ಯಜಮಾನರ ಮೊಮ್ಮಗಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳಂತೆ, ಒಳ್ಳೆಯ ಹುಡುಗಿ. ತಾತ ತೀರಿಕೊಂಡು ವರ್ಷ ತುಂಬುತ್ತಿದೆ, ಒಂದು ನೆನಪಿನ ಪುಸ್ತಕ ತರುತ್ತಿದ್ದೇವೆ, ನೀವು ಅವರ ಮನೆಯಲ್ಲೇ ಬಾಡಿಗೆಗಿದ್ದವರು, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಅಜ್ಜಿ, ಎಂದಳು. ಜೊತೆಗೆ ಚೀಲದಿಂದ ಒಂದು ಹಳೆಯ ಚೀಟಿ ತೆಗೆದು ತೋರಿಸಿದಳು. ನೀಲಿ ಅಕ್ಷರ, ನಡುವೆ ಗುಂಡುಗುಂಡಾದ ಮಗುವಿನ ಚಿತ್ರ, ಮೇಲೆ 'ಪುಷ್ಟಿಹಿಟ್ಟು', ಕೆಳಗೆ 'ಸರ್ಕಾರಿ ನರ್ಸಮ್ಮನವರೇ ಮೆಚ್ಚಿದ್ದು'. ಈ ನರ್ಸಮ್ಮ ನೀವೇ ಅಲ್ಲವಾ ಅಜ್ಜಿ, ಇದನ್ನೇ ಪುಸ್ತಕದ ಮುಖಪುಟಕ್ಕೆ ಹಾಕುತ್ತೇವೆ, ಅಂದಳು.

ನಾನೇ ಅಂದೆ. ಕಾಫಿ ಕೊಟ್ಟೆ. ಬರೆದುಕೊಡುತ್ತೇನೆ ಅಂತಲೂ ಹೇಳಿದೆ. ಅವಳು ಹೋದ ಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಮೂವತ್ತು ವರ್ಷದ ಮೇಲಾಯಿತು, ಇನ್ನೂ ಆ ಚೀಟಿ ಮುಟ್ಟಿದರೆ ನನಗೆ ಹೇಸಿಗೆಯಾಗುತ್ತದೆ.

ಬರೆಯುತ್ತಿದ್ದೇನೆ. ಅವಳು ಕೇಳಿದ ನಾಲ್ಕು ಒಳ್ಳೆಯ ಮಾತೂ ಇದರಲ್ಲಿವೆ, ಅವು ಸುಳ್ಳಲ್ಲ. ಉಳಿದದ್ದನ್ನು ಅಚ್ಚು ಹಾಕಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು.

ಐವತ್ತರ ದಶಕದ ನಡುಭಾಗ. ನನಗಾಗ ಇಪ್ಪತ್ಮೂರು. ಮೈಸೂರಿನಲ್ಲಿ ಹೆರಿಗೆ ಮಾಡಿಸುವ ತರಬೇತಿ ಮುಗಿಸಿ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಊರಿಗೆ ಸರ್ಕಾರಿ ನರ್ಸಾಗಿ ಬಂದಿದ್ದೆ. ಮದುವೆಯಾಗದ ಒಂಟಿ ಹೆಂಗಸಿಗೆ ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಛತ್ರದ ಮೂಲೆಯಲ್ಲಿ ಟ್ರಂಕು ಇಟ್ಟುಕೊಂಡು ಎರಡು ದಿನ ಕೂತಿದ್ದೆ. ಮೂರನೆಯ ದಿನ ಇವರೇ ಬಂದರು. ಕುಳ್ಳನೆಯ ಆಳು, ಹಣೆ ತುಂಬ ವಿಭೂತಿ, ಬೆಳ್ಳಗೆ ಒಗೆದ ಪಂಚೆ. ಊರಿನವರೆಲ್ಲ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಆರು ತಿಂಗಳಾದ ಮೇಲೆ.

"ನಮ್ಮ ಜಗಲಿ ಪಕ್ಕ ಎರಡು ಕೋಣೆ ಖಾಲಿ ಬಿದ್ದವೆ ಕಣ್ರವ್ವ. ಬಂದಿರಿ. ನಮ್ಮನೇಲೂ ಹೆಣ್ಮಕ್ಕಳವ್ರೆ" ಎಂದರು. ಟ್ರಂಕನ್ನು ತಾವೇ ಹೆಗಲ ಮೇಲೆ ಹೊತ್ತರು. ಊರಿನ ಯಜಮಾನ ಒಬ್ಬ ನರ್ಸಿನ ಟ್ರಂಕು ಹೊತ್ತುಕೊಂಡು ನಡುಬೀದಿಯಲ್ಲಿ ಹೋದದ್ದನ್ನು ಜನ ಬಾಗಿಲಿಗೆ ಬಂದು ನೋಡಿದರು.

ಅವರ ಊಟ ಹೇಗೆಂದು ಹೇಳದಿದ್ದರೆ ಅವರನ್ನು ಹೇಳಿದ ಹಾಗಾಗುವುದಿಲ್ಲ. ಪಡಸಾಲೆಯಲ್ಲಿ ಅಡ್ಡಣಿಗೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂರುವರು. ಒಂದಗುಳು ಕೆಳಗೆ ಬೀಳಬಾರದು, ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವರು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತಿಕ್ಕಿ, ಆ ನೀರನ್ನು ಕುಡಿದುಬಿಡುವರು. ಅವರ ಜನದಲ್ಲಿ ಇದು ಹಿರಿಯರಿಂದ ಬಂದ ಪದ್ಧತಿ, ಶಿವನಿಗೆ ಇಟ್ಟ ಅನ್ನ, ಬಚ್ಚಲಿಗೆ ಹೋಗಬಾರದು ಅಂತ. ಬೇರೆ ಮನೆಗಳಲ್ಲಿ ಅದು ಹಬ್ಬಹರಿದಿನಕ್ಕೆ ಬಂದು ನಿಂತಿತ್ತು. ಇವರು ಮಾತ್ರ ದಿನಾ ಎರಡು ಹೊತ್ತೂ ಮಾಡುತ್ತಿದ್ದರು. ತಟ್ಟೆ ಆಮೇಲೆ ತೊಳೆಯುವುದೇ ಬೇಡ, ಅಷ್ಟು ಚೊಕ್ಕ.

ಆ ಊಟದಿಂದ ಒಮ್ಮೆ ನನ್ನ ಪ್ರಾಣ ಉಳಿದಿದೆ. ನಾನು ಬಂದ ಮೂರನೇ ತಿಂಗಳು ಪಕ್ಕದ ಊರಲ್ಲಿ ಒಬ್ಬಳು ಹೆರಿಗೆಯಲ್ಲಿ ರಕ್ತ ಹೋಗಿ ಸತ್ತಳು. ನನ್ನ ಕೈಯಲ್ಲಾದದ್ದೆಲ್ಲ ಮಾಡಿದ್ದೆ. ಮಾರನೇ ದಿನ ಮಧ್ಯಾಹ್ನ ಅವಳ ಗಂಡನ ಕಡೆಯವರು ಆರು ಜನ ದೊಣ್ಣೆ ಹಿಡಿದು ಬಂದರು. ಯಜಮಾನರು ಊಟಕ್ಕೆ ಕೂತಿದ್ದರು. "ಅನ್ನದ ಮುಂದೆ ಕೂಗಾಡಬ್ಯಾಡಿ. ಕುಂತ್ಕಳಿ, ಮುಗಿಸ್ಕಂಡು ಮಾತಾಡ್ತೀನಿ" ಎಂದರು. ಅವರು ಜಗಲಿಯ ಮೇಲೆ ಕೂತರು. ಇವರು ಮುದ್ದೆ ಮುರಿದು ಮುರಿದು ನಿಧಾನವಾಗಿ ಉಂಡರು, ಅನ್ನ ಉಂಡರು, ಮಜ್ಜಿಗೆ ಹಾಕಿಸಿಕೊಂಡರು, ತಟ್ಟೆ ತಿಕ್ಕಿ ನೀರು ಕುಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಷ್ಟು ಹೊತ್ತಿಗೆ ಬಂದವರ ಕಾವು ಇಳಿದಿತ್ತು. ಆಗ ಇವರು ಹೊರಗೆ ಬಂದು ಕೇಳಿದ್ದು ಒಂದೇ ಮಾತು: "ಎರಡು ದಿವ್ಸ ನಿದ್ದೆಗೆಟ್ಟು ನಿಮ್ಮ ಸೊಸೆ ಪಕ್ಕ ಕುಂತಿದ್ದೋಳು ಇವಳು. ನೀವೆಲ್ಲಿದ್ರಿ?" ಅವರು ದೊಣ್ಣೆ ಎತ್ತಿಕೊಂಡು ಎದ್ದು ಹೋದರು. ಆ ಋಣ ನನಗೆ ಈಗಲೂ ಇದೆ, ಇಲ್ಲ ಅನ್ನುವುದಿಲ್ಲ.

ಇನ್ನು ಅವರ ಮೂಗು. ಯಜಮಾನರ ಮೂಗು ಸುತ್ತ ಹತ್ತು ಊರಿಗೆ ಗೊತ್ತು. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರು ಸೊಪ್ಪು ಬೇಯಿಸಲು ಎತ್ತರದ ಒಂದು ಮನೆ ಕಟ್ಟಿಸುತ್ತಾರೆ, ಅದಕ್ಕೆ ಬ್ಯಾರನ್ನು ಅನ್ನುತ್ತಾರೆ. ಕೆಳಗೆ ತಗಡಿನ ಕೊಳವೆಯಲ್ಲಿ ಬೆಂಕಿಯ ಕಾವು ಹರಿಯುತ್ತದೆ, ಮೇಲೆ ಅಡ್ಡಗಳುಗಳ ಮೇಲೆ ಸೊಪ್ಪು ನೇತು ಬಿಡುತ್ತಾರೆ. ಯಜಮಾನರಿಗೆ ಅಂಥದೊಂದು ಬ್ಯಾರನ್ನಿತ್ತು. ಬೆಂದ ಸೊಪ್ಪಿನ ಒಂದು ಎಲೆ ಮೂಗಿಗೆ ಹಿಡಿದು ಇದು ಯಾರ ಹೊಲದ್ದು, ಬೆಂಕಿ ಎಷ್ಟು ಹೆಚ್ಚಾಗಿದೆ ಅಂತ ಹೇಳುತ್ತಿದ್ದರು. ಕೊಳ್ಳಲು ಬಂದ ವ್ಯಾಪಾರದವರೂ ಇವರ ಕೈಗೇ ಮೊದಲು ಎಲೆ ಕೊಡುತ್ತಿದ್ದರು. ಮನೆಯಲ್ಲೂ ಅದೇ. ಕಾಫಿ ಲೋಟ ಮೂಗಿನ ಹತ್ತಿರ ಹೋದ ಹೊರತು ಬಾಯಿಗೆ ಹೋಗುತ್ತಿರಲಿಲ್ಲ. "ಈ ಬೆಣ್ಣೆ ಈರುಳ್ಳಿ ಪಕ್ಕ ಇಟ್ಟಿದ್ರಾ?" ಅನ್ನುವರು. ನಾನು ಬಾಣಂತಿ ಮನೆಯಿಂದ ಬಂದರೆ ಜಗಲಿ ಹತ್ತುವ ಮೊದಲೇ "ಗಂಡೋ ಹೆಣ್ಣೋ ನರ್ಸಮ್ಮ? ಸೀರೆ ತುಂಬ ಸಾಂಬ್ರಾಣಿ" ಅಂತ ನಗುವರು. ಓದುವವರು ಈ ಮೂಗನ್ನು ನೆನಪಿಟ್ಟುಕೊಳ್ಳಬೇಕು.

ಹಿಟ್ಟು ಶುರುವಾದದ್ದು ಅವರ ಸೊಸೆಯ ಬಾಣಂತನದಲ್ಲಿ. ಮೊಳಕೆ ಕಟ್ಟಿದ ರಾಗಿಯನ್ನು ಕಣದಲ್ಲಿ ಒಣಗಿಸಿ, ಹುರಿದು, ಹೆಸರುಕಾಳು, ಹುರಿಗಡಲೆ, ಶುಂಠಿ, ಏಲಕ್ಕಿ ಸೇರಿಸಿ ಬೀಸಿಸಿದರು. ಬೆಲ್ಲದ ನೀರಲ್ಲಿ ಕಾಯಿಸಿ ಕುಡಿಯುವುದು. ಸೊಸೆ ಚೇತರಿಸಿಕೊಂಡಳು. ನಾನು ಬೇಡಿ ತೆಗೆದುಕೊಂಡು ಹೋಗಿ ನನ್ನ ಬಡಕಲು ಮಕ್ಕಳಿಗೆಲ್ಲ ಕುಡಿಸಿದೆ, ಅವೂ ಮೈ ತುಂಬಿಕೊಂಡವು. ಎಲುಬು ಕಾಣುತ್ತಿದ್ದ ಮಗುವಿನ ಕೆನ್ನೆ ಉಬ್ಬುವುದನ್ನು ನೋಡಿದ್ದೀರಾ? ನನಗಾದ ಸಂತೋಷ ಹೇಳತೀರದು. ಯಜಮಾನರು ಒಂದು ದಿನ, "ನಾಕು ಜನಕ್ಕೆ ಗೊತ್ತಾಗ್ಲಿ ನರ್ಸಮ್ಮ, ಎರಡಕ್ಷರ ಬರಕೊಡಿ" ಎಂದರು. ಮಕ್ಕಳಿಗೂ ಬಾಣಂತಿಯರಿಗೂ ಒಳ್ಳೆಯದು, ನಾನೇ ಕೊಟ್ಟು ನೋಡಿದ್ದೇನೆ ಅಂತ ಬರೆದು ರುಜು ಹಾಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದಿನ ವಾರ ಮೈಸೂರಿನಿಂದ ಚೀಟಿ ಅಚ್ಚಾಗಿ ಬಂತು, ತಗಡಿನ ಡಬ್ಬಗಳೂ ಬಂದವು. ಡಬ್ಬದ ಮೇಲೆ 'ನರ್ಸಮ್ಮ' ಅಂತ ಇದ್ದದ್ದನ್ನು ನೋಡಿ ಹೆಮ್ಮೆಪಟ್ಟೆ. ತಾಯಿಗೂ ಒಂದು ಕಳಿಸಿದೆ.

ಒಂದು ಬೇಸಿಗೆಯಲ್ಲಿ ಕೆ.ಆರ್. ನಗರ, ಮಿರ್ಲೆ, ಕೊಪ್ಪದ ಸಂತೆಯವರೆಗೆ ಡಬ್ಬ ಹೋಯಿತು. ಕೇಳುವವರು ಹೆಚ್ಚಾದರು. ಅಷ್ಟರಲ್ಲಿ ಮಳೆ ಹಿಡಿಯಿತು. ಮೊಳಕೆ ರಾಗಿ ಒಣಗಿಸಲು ಬಿಸಿಲೆಲ್ಲಿ? ಎರಡು ಸಲ ಬೂಷ್ಟು ಹಿಡಿಯಿತು. ಯಜಮಾನರು ಅದನ್ನೂ ಎಸೆಯದೆ ಎತ್ತುಗಳಿಗೆ ಬೇಯಿಸಿ ಹಾಕಿಸಿದರು. ಆಮೇಲೆ ಅವರಿಗೆ ಬ್ಯಾರನ್ನು ಹೊಳೆಯಿತು. ಹೊಸ ಸೊಪ್ಪು ಬರಲು ಇನ್ನೂ ತಿಂಗಳಿತ್ತು, ಬ್ಯಾರನ್ನು ಖಾಲಿ ಇತ್ತು. ಕೆಳಗೆ ಬೆಂಕಿ ಹಾಕಿಸಿ, ನೆಲದ ಮೇಲೆ ಚಾಪೆ ಹಾಸಿ ರಾಗಿ ಹರವಿಸಿದರು. ಒಂದೇ ದಿನಕ್ಕೆ ಗರಿಗರಿ ಒಣಗಿತು. ಎಂಥ ತಲೆ ಅಂತ ಊರೆಲ್ಲ ಹೊಗಳಿತು. ನಾನೂ ಹೊಗಳಿದೆ. ಒಣಗದೆ ಮುಗ್ಗುಲು ಹಿಡಿದಿದ್ದ ನನ್ನ ಬಿಳಿ ಸೀರೆಗಳನ್ನು ಅಲ್ಲೇ ಹರವಿಕೊಳ್ಳಲು ಅವರ ಅಪ್ಪಣೆ ಪಡೆದೆ. ಸೀರೆ ಹರವಿ ಹೊರಗೆ ಬರುವಾಗ ತಲೆ ಸುತ್ತಿ, ಬಾಯಲ್ಲಿ ನೀರೂರಿ, ಗೋಡೆ ಹಿಡಿದುಕೊಂಡು ನಿಂತೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅದಕ್ಕೆ ಅಂದುಕೊಂಡೆ. ಓದಿದವಳು ನಾನು.

ಒಳಗೆ ನಡೆದದ್ದು ಇಷ್ಟು. ಹೋದ ವರ್ಷದ ಸೊಪ್ಪಿನ ಚೂರು, ನುಚ್ಚು, ಧೂಳು ಗಳುಗಳ ಮೇಲೆ, ಗೋಡೆ ಸಂದಿಯಲ್ಲಿ, ನೆಲದಲ್ಲಿ ಎಲ್ಲ ಕಡೆ ಇತ್ತು. ಕಾವು ಏರಿದ ಹಾಗೆ ಮೇಲಿನಿಂದ ಉದುರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಚಾಪೆಯ ಮೇಲಿನ ರಾಗಿಯನ್ನಷ್ಟೆ ಬಾಚಿಕೊಂಡು, ಚಾಪೆಯ ಆಚೆ ಸಿಡಿದದ್ದನ್ನು ಬಿಡುತ್ತಿದ್ದರು. ಯಜಮಾನರು ಬಿಡುವವರೇ? ಒಂದು ಕಾಳು ಬಿಡದ ಹಾಗೆ ಪೊರಕೆಯಲ್ಲಿ ನೆಲ ಗುಡಿಸಿಸಿ, ಮೊರದಲ್ಲಿ ಕೇರಿಸಿ, ಅದನ್ನೂ ಸೇರಿಸಿದರು. ಸೊಪ್ಪಿನ ಧೂಳೂ ರಾಗಿಯ ಬಣ್ಣದ್ದೇ. ಎಷ್ಟು ಕೇರಿದರೂ ಹೋಗುವಂಥದ್ದಲ್ಲ. ಹುರಿದು ಬೀಸಿದ ಮೇಲೆ ಶುಂಠಿ ಏಲಕ್ಕಿ ಬೆಲ್ಲದ ಮುಂದೆ ನಮ್ಮಂಥವರ ನಾಲಗೆಗೆ ಸ್ವಲ್ಪ ಖಾರ ಅನಿಸುತ್ತಿತ್ತು, ಅಷ್ಟೆ.

ಹದಿನೈದು ದಿನಕ್ಕೆ ಮಿರ್ಲೆಯಿಂದ ಒಬ್ಬ ತಾಯಿ ಮಗು ಎತ್ತಿಕೊಂಡು ಬಂದಳು. ಮಗು ಬಿಳಿಚಿಕೊಂಡಿತ್ತು, ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ತಣ್ಣನೆ ಬೆವರು. "ಹಿಟ್ಟು ಕುಡಿಸ್ದಾಗೆಲ್ಲ ಇಂಗೇ ವಾಂತಿ ಮಾಡ್ಕತದೆ ಕಣ್ರಮ್ಮ" ಎಂದಳು. ಯಜಮಾನರು ಜಗಲಿಯಿಂದಲೇ ಹೇಳಿದರು: "ಹೊಟ್ಟೇಲಿರೋ ಕೆಟ್ಟದ್ದೆಲ್ಲ ಈಚೆಗೆ ಬತ್ತದೆ ಕಣವ್ವ. ಮೂರು ದಿವ್ಸ ತಡ್ಕೊ. ನಾಕನೇ ದಿನ ನೋಡು ಮಗೀನ." ನಾನೇನು ಮಾಡಿದೆ? ನೀರು ಕುದಿಸಿದ್ದೆಯಾ, ಪಾತ್ರೆ ಬೆಳಗಿದ್ದೆಯಾ, ಕೈ ತೊಳೆದಿದ್ದೆಯಾ ಅಂತ ಅವಳನ್ನೇ ಗದರಿದೆ. ಅವಳು ತಲೆ ತಗ್ಗಿಸಿ, ತೊಳೆದಿದ್ದೆ ಕಣ್ರಮ್ಮ ಅಂತ ಸಣ್ಣಗೆ ಹೇಳಿ ಹೋದಳು. ಪುಣ್ಯಕ್ಕೆ ಮನೆಯಲ್ಲಿ ಅವಳ ಅತ್ತೆ ಹಿಟ್ಟನ್ನು ತಿಪ್ಪೆಗೆ ಸುರಿದಳಂತೆ. ಮಗು ಬದುಕಿತು. ನನ್ನ ತರಬೇತಿಗಿಂತ ಆ ಮುದುಕಿಯ ಬುದ್ಧಿ ಮೇಲಾಗಿತ್ತು.

ನನಗೆ ತಿಳಿದದ್ದು ನನ್ನ ಹೊಟ್ಟೆಯಿಂದ. ಒಂದು ಬೆಳಿಗ್ಗೆ ಗುರುಪುರದ ಕಡೆ ಹೆರಿಗೆಗೆ ಹೊರಟಿದ್ದೆ. ತಿಂಡಿಗೆ ಹೊತ್ತಿಲ್ಲದೆ ಮೂರು ಚಮಚ ಪುಷ್ಟಿಹಿಟ್ಟು ಕಾಯಿಸಿಕೊಂಡು ಕುಡಿದೆ. ಅರ್ಧ ದಾರಿಯಲ್ಲಿ ಬಾಯಲ್ಲಿ ನೀರೂರಿತು, ಕೈಕಾಲು ತಣ್ಣಗಾಯಿತು, ಕಣ್ಣು ಕತ್ತಲಿಟ್ಟಿತು. ಹುಣಸೆ ಮರದ ಬುಡದಲ್ಲಿ ಕೂತು ಕರುಳು ಬಾಯಿಗೆ ಬರುವ ಹಾಗೆ ಕಾರಿಕೊಂಡೆ. ಕಾರಿಕೊಳ್ಳುತ್ತಲೇ ನೆನಪಾಯಿತು: ಸೀರೆ ಹರವಿ ಬ್ಯಾರನ್ನಿನಿಂದ ಹೊರಗೆ ಬಂದ ದಿನ ಥೇಟ್ ಇದೇ ತಲೆಸುತ್ತು, ಇದೇ ನೀರು. ಮಿರ್ಲೆಯ ಮಗುವಿನ ಬೆವರೂ ನೆನಪಾಯಿತು.

ಹೆರಿಗೆ ಮುಗಿಸಿ ಮನೆಗೆ ಬಂದವಳೇ ಅದೇ ಡಬ್ಬದ ಹಿಟ್ಟು ಕಾಯಿಸಿ, ಲೋಟಕ್ಕೆ ಹಾಕಿ, ಯಜಮಾನರ ಮುಂದೆ ಇಟ್ಟೆ.

"ಏನವ್ವ ಇದು, ನಂಗೇ ಉಪಚಾರ?" ಎಂದು ನಕ್ಕು ಲೋಟ ಎತ್ತಿದರು. ಅಭ್ಯಾಸ, ಮೊದಲು ಮೂಗಿಗೆ ಹೋಯಿತು. ಮೂಗಿನ ಹತ್ತಿರವೇ ನಿಂತಿತು. ನಗು ಹೋಯಿತು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಸ್ವಲ್ಪ ದೂರಕ್ಕೆ ಸರಿಸಿದರು.

"ಇವತ್ತು ಒಪ್ಪತ್ತು ಕಣ್ರವ್ವ" ಎಂದರು.

ಅವತ್ತು ಗುರುವಾರ. ಅವರ ಒಪ್ಪತ್ತು ಸೋಮವಾರ. ಆವರೆಗೆ ನಾನು ಅವರ ಮನೆಯಲ್ಲಿದ್ದ ಎರಡು ವರ್ಷದಲ್ಲಿ ಒಂದು ಗುರುವಾರವೂ ಅವರು ಉಪವಾಸ ಇದ್ದವರಲ್ಲ. ಅಡುಗೆಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಲೇ ಇತ್ತು.

"ಅದರಲ್ಲಿ ಹೊಗೆಸೊಪ್ಪಿದೆ ಯಜಮಾನ್ರೇ."

ಎದ್ದು ಬೀದಿ ಬಾಗಿಲನ್ನು ಮುಂದಕ್ಕೆ ಎಳೆದರು. ಆಮೇಲೆ, "ಬ್ಯಾರನ್ನು ಗುಡಿಸಿದ್ದು ಸರಿಯಾಗಿಲ್ಲ ಅನ್ಸತ್ತೆ. ನಾನು ನೋಡ್ಕತೀನಿ. ನೀವು ಎಲ್ಲೂ ಬಾಯಿ ಬುಡಬ್ಯಾಡಿ. ನನ್ನ ಮರ್ವಾದೆ ಅಷ್ಟೇ ಅಲ್ಲ, ಡಬ್ಬದ ಮೇಲೆ ನೀವೂ ಇದೀರಿ" ಎಂದರು. ಕೊನೆಯ ಮಾತನ್ನು ಮೆಲ್ಲಗೆ, ನನ್ನ ಮೇಲೆ ಕಾಳಜಿ ಇದ್ದವರ ಹಾಗೆ ಹೇಳಿದರು.

ಅವರು ಮಾತು ಉಳಿಸಿಕೊಂಡರು, ಅದೂ ನಿಜ. ಗಾಡಿ ಕಟ್ಟಿಸಿ ಊರೂರಿಗೆ ತಾವೇ ಹೋಗಿ ಅಂಗಡಿಯಿಂದ, ಮನೆಗಳಿಂದ ಡಬ್ಬ ವಾಪಸು ತಂದರು. ಮಳೆಗೆ ಹಾಳಾಗಿದೆ, ಬೇಸಿಗೆಗೆ ಹೊಸದು ಕೊಡುತ್ತೇನೆ ಅಂದರಂತೆ. ಹಿತ್ತಿಲ ಕೊಟ್ಟಿಗೆಯಲ್ಲಿ ಡಬ್ಬಗಳ ಗೋಡೆ ಎದ್ದಿತು. ಗೊಬ್ಬರದ ಗುಂಡಿಗೆ ಸುರಿಸುತ್ತೇನೆ ಅಂದರು. ತಪ್ಪು ಯಾರಿಂದಲಾದರೂ ಆಗುತ್ತದೆ, ತಿದ್ದಿಕೊಂಡರಲ್ಲ, ದೊಡ್ಡ ಮನುಷ್ಯ ಅಂದುಕೊಂಡೆ. ಒಂದು ದಿನ ನೋಡಿದರೆ ಕೊಟ್ಟಿಗೆ ಖಾಲಿ. ಗುಂಡಿಯನ್ನು ಹೋಗಿ ನೋಡಲಿಲ್ಲ. ನೋಡಬೇಕಾಗಿತ್ತು. ಹತ್ತು ಹೆಜ್ಜೆ ಇರಲಿಲ್ಲ.

ಆಗ ಮಲೇರಿಯಾದವರ ಜೀಪು ತಿಂಗಳಿಗೊಂದು ಸಲ, ಜನ ಬರೀ ಕೋಟೆ ಅನ್ನುವ ಹೆಗ್ಗಡದೇವನಕೋಟೆ ಕಡೆಯ ಕಾಡಂಚಿಗೆ ಹೋಗುತ್ತಿತ್ತು, ಮದ್ದು ಹೊಡೆಯಲು. ಅದರಲ್ಲಿ ನನಗೂ ಒಂದು ಜಾಗ. ಅಲ್ಲೊಂದು ಹಾಡಿ, ಜೇನುಕುರುಬರದು, ಹದಿನೈದಿಪ್ಪತ್ತು ಗುಡಿಸಲು. ಅಲ್ಲಿ ಬೊಮ್ಮಿ ಅಂತ ಒಬ್ಬಳಿದ್ದಳು, ನನಗಿಂತ ಚಿಕ್ಕವಳು. ಅವಳ ಮೊದಲ ಮಗುವನ್ನು ನಾನೇ ತೆಗೆದಿದ್ದೆ. ಹೆಣ್ಣು, ಒಂದೂವರೆ ವರ್ಷ, ಜ್ವರ ಬಂದು ಬಂದು ಸೊರಗಿತ್ತು. ಹಾಡಿಯವರು ಹೊರಗಿನವರನ್ನು ಕಂಡರೆ ಮೊದಲೆಲ್ಲ ಕಾಡಿಗೆ ಸರಿದುಬಿಡುತ್ತಿದ್ದರು. ಬೊಮ್ಮಿ ನನ್ನನ್ನು ನಂಬಿದ ಮೇಲೆ ಉಳಿದವರೂ ನಂಬಿದರು. ನಾನು ಕೊಟ್ಟ ಕಹಿ ಔಷಧಿಯನ್ನು ಕೇಳದೆ ನುಂಗುತ್ತಿದ್ದರು. ಆ ಕೆಲಸದಲ್ಲಿ ನಾನು ಸಂಪಾದಿಸಿದ್ದು ಅಂದರೆ ಅದೊಂದೇ.

ಆ ತಿಂಗಳು ಹೋದಾಗ ಬೊಮ್ಮಿ ಗುಡಿಸಲ ಮುಂದೆ ಕೂತಿದ್ದಳು. ಮಡಿಲಲ್ಲಿ ಮಗು ಇರಲಿಲ್ಲ. ಬಾಗಿಲ ಪಕ್ಕ ಒಂದು ತಗಡಿನ ಡಬ್ಬ ಇತ್ತು, ನೀಲಿ ಅಕ್ಷರದ್ದು. ಪಕ್ಕದ ಗುಡಿಸಲಲ್ಲೊಂದು, ಅದರಾಚೆ ಒಂದು.

"ಪುಟ್ಟಿ ಎಲ್ಲಿ?" ಅಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

"ಮಣ್ಣು ಮಾಡಿ ಮೂರು ದಿನ ಆತು" ಎಂದಳು.

ಅವಳು ಅಳಲಿಲ್ಲ. ನಿಧಾನವಾಗಿ, ಒಂದೊಂದೇ ಹೇಳಿದಳು. ಬಿಳಿ ಪಂಚೆಯ ಅಯ್ಯ ಗಾಡಿ ತುಂಬ ಡಬ್ಬ ತಂದಿದ್ದ. ಜೊತೆಯಲ್ಲಿ ಕೋಟೆಯಿಂದ ಸಾಹೇಬರು ಬಂದಿದ್ದರು, ಅಯ್ಯನಿಗೆ ಹೂವಿನ ಹಾರ ಹಾಕಿದರು. ನಾವು ಯಾರೂ ಮುಟ್ಟಲಿಲ್ಲ, ಗೊತ್ತಿಲ್ಲದ್ದು ನಾವು ಮುಟ್ಟಲ್ಲ. ಆಗ ಅಯ್ಯ ಡಬ್ಬ ಎತ್ತಿ ಅಕ್ಷರದ ಮೇಲೆ ಬೆರಳಿಟ್ಟು ಓದಿ ಹೇಳಿದ, ಇದು ನಿಮ್ಮ ನರ್ಸಮ್ಮ ಕೊಡು ಅಂದದ್ದು ಅಂತ.

"ನಿನ್ನ ಮಾತು ಅಂದ. ಕುಡಿಸ್ದೆ. ವಾಂತಿ ಮಾಡ್ತು. ಮಾಡ್ಲಿ, ಕೆಟ್ಟದ್ದು ಓಗ್ತದೆ ಅಂದಿದ್ದ. ಇನ್ನೊಂದ್ ಸಲ ಕುಡಿಸ್ದೆ" ಎಂದಳು ಬೊಮ್ಮಿ. "ಒಳ್ಳೇದಾಗ್ಲಿ ಅಂತ ನಿನ್ನ ಎಸ್ರು ಹೇಳ್ಕಂಡು ಕುಡಿಸ್ದೆ ಕಣವ್ವ."

ಹಾಡಿಯಲ್ಲಿ ಇನ್ನೂ ನಾಲ್ಕು ಮಕ್ಕಳು ಮಲಗಿದ್ದವು. ಒಂದು ಖಾಲಿ ಡಬ್ಬ ಬಿಟ್ಟು ಉಳಿದದ್ದನ್ನೆಲ್ಲ ನನ್ನ ಕೈಯಾರೆ ಹೊಳೆಯಿಂದ ದೂರ ಗುಂಡಿ ತೋಡಿ ಹೂಳಿದೆ. ಆ ನಾಲ್ಕೂ ಉಳಿದವು. ಪುಟ್ಟಿಯನ್ನು ಹೂತ ಜಾಗವನ್ನು ಬೊಮ್ಮಿ ತೋರಿಸಿದಳು. ಜೀಪಿನವರು ಕರೆಯುವವರೆಗೂ ನಾನು ಅಲ್ಲೇ ಕೂತಿದ್ದೆ.

ಸಂಜೆ ನಾನು ಮನೆಗೆ ಬಂದಾಗ ಯಜಮಾನರು ಉಣ್ಣುತ್ತಿದ್ದರು. ನಾನು ಮೈಮೇಲೆ ಮಣ್ಣಿದ್ದ ಹಾಗೇ ಪಡಸಾಲೆಗೆ ನುಗ್ಗಿದೆ. ಅನ್ನದ ಮುಂದೆ ಕೂಗಾಡಬೇಡಿ ಅಂತ ಅವರು ಕೈ ಎತ್ತಿದರು. ನಾನು ಕೂಗಾಡಿದೆ. ನನ್ನ ಜೀವಮಾನದಲ್ಲಿ ಯಾರ ಮೇಲೂ ಹಾಗೆ ಕೂಗಿಲ್ಲ. ಗುಂಡಿಗೆ ಸುರಿಸುತ್ತೇನೆ ಅಂದವರು ಮಕ್ಕಳ ಹೊಟ್ಟೆಗೆ ಸುರಿದಿರಲ್ಲ ಅಂದೆ. ಒಂದು ಮಗು ಸತ್ತಿದೆ ಅಂದೆ.

ಅವರ ಕೈ ತಟ್ಟೆಯಲ್ಲೇ ನಿಂತಿತು. "ಅನ್ನ ಕಣ್ರವ್ವ" ಎಂದರು. "ಅಷ್ಟೊಂದು ರಾಗಿ, ಅಷ್ಟೊಂದು ಕಾಳು. ಗುಂಡಿ ಹತ್ರ ನಿಂತೆ, ಸುರಿಯಾಕೆ ಕೈ ಬರ್ನಿಲ್ಲ. ಯಾರಿಗಾದ್ರೂ ಆಗ್ಲಿ ಅನ್ಸ್ತು. ಕಾಡ್ನೋರು, ಸೊಪ್ಪುಸದೆ ಗೆಡ್ಡೆ ಎಲ್ಲ ತಿಂದು ಅರಗಿಸ್ಕಳೋರು. ಅವ್ರಿಗೆ ಏನೂ ಆಗಕ್ಕಿಲ್ಲ ಅಂದ್ಕಂಡೆ."

"ನಿಮಗೆ ಕೊಟ್ಟಾಗ ಒಪ್ಪತ್ತು ಅಂದಿರಲ್ಲ."

ಅವರು ತಲೆ ತಗ್ಗಿಸಿ ಉಳಿದ ತುತ್ತು ಉಂಡರು. ಆಮೇಲೆ, ನಾನು ನಿಂತು ನೋಡುತ್ತಿರುವಾಗಲೇ, ತಟ್ಟೆಗೆ ನೀರು ಹಾಕಿ, ಬೆರಳಿಂದ ತಿಕ್ಕಿ, ಎತ್ತಿ ಕುಡಿದರು. ನಾನು ಹಿತ್ತಿಲಿಗೆ ಓಡಿ ಹೋಗಿ ವಾಂತಿ ಮಾಡಿದೆ. ಒಂದು ಕಾಲಕ್ಕೆ ಅದೇ ನೀರು ಕುಡಿಯುವುದನ್ನು ನೋಡಿ ಕೈ ಮುಗಿಯಬೇಕು ಅನಿಸುತ್ತಿತ್ತು. ಅದೇ ಮನುಷ್ಯ, ಅದೇ ತಟ್ಟೆ. ತನ್ನ ಎಂಜಲು ನೀರನ್ನು ಚೆಲ್ಲಲಾರದವನು ತನ್ನ ಮೂಗು ಬೇಡವೆಂದದ್ದನ್ನು ಬೊಮ್ಮಿಯ ಮಗುವಿಗೆ ಕೊಟ್ಟು, ಕೊರಳಿಗೆ ಹಾರ ಹಾಕಿಸಿಕೊಂಡು ಬಂದಿದ್ದ. ಥೂ ಅನ್ನುವುದು ಬಿಟ್ಟರೆ ಬೇರೆ ಮಾತು ಈಗಲೂ ನನಗೆ ಸಿಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ತುಂಬ ಒಳ್ಳೆಯವಳ ಹಾಗೆ ಕಾಣುತ್ತೇನೆ. ಹಾಗಲ್ಲ. ಮಾರನೇ ದಿನ ನನ್ನ ಮೇಲಿನ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ನನ್ನ ಕೈಲಿದ್ದ ಖಾಲಿ ಡಬ್ಬವನ್ನು ತಿರುಗಿಸಿ ನೋಡಿ, "ಇಲ್ಲಿ ಮೆಚ್ಚಿದವರು ಯಾರಮ್ಮ? ಕೇಸಾದರೆ ಮೊದಲು ಹೋಗುವುದು ಯಾರ ಕೆಲಸ?" ಎಂದರು. ಊರಲ್ಲಿ ನನ್ನ ಸಂಬಳ ನಂಬಿಕೊಂಡು ತಾಯಿ ಇದ್ದಳು. ಸರ್ಕಾರದ ಜನನ ಮರಣದ ಪುಸ್ತಕದಲ್ಲಿ ಪುಟ್ಟಿಯ ಸಾವಿಗೆ ಕಾರಣ ಅನ್ನುವ ಕಡೆ 'ಜ್ವರ' ಅಂತ ಬರೆದೆ. ನನ್ನ ಅಕ್ಷರ ದುಂಡಗಿತ್ತು, ಎಲ್ಲರೂ ಮೆಚ್ಚುತ್ತಿದ್ದರು. ಆ ಎರಡಕ್ಷರವೂ ದುಂಡಗೇ ಬಂದವು.

ಮನೆ ಬಿಟ್ಟೆ. ಟ್ರಂಕನ್ನು ನಾನೇ ಹೊತ್ತೆ. ಯಜಮಾನರು ಮುಂದಿನ ಬೇಸಿಗೆಗೆ ಮತ್ತೆ ಬಿಸಿಲಲ್ಲಿ ಒಣಗಿಸಿ ಹಿಟ್ಟು ಮಾಡಿದರು, ಚೀಟಿಯಿಂದ ನನ್ನನ್ನು ತೆಗೆಯಲಿಲ್ಲ. ಹಿಟ್ಟು ಚೆನ್ನಾಗಿಯೇ ಇತ್ತಂತೆ. ಹಾಡಿಯ ಜನಕ್ಕೆ ದಾನ ಮಾಡಿದ ಪುಣ್ಯಾತ್ಮ ಅಂತ ಕೋಟೆಯಲ್ಲಿ ಶಾಲು ಹೊದಿಸಿದರು. ನಾನು ಬಾಯಿ ಬಿಡಲಿಲ್ಲ, ಅವರೂ ಬಿಡಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ. ತುಂಬ ಮುದುಕರಾಗಿದ್ದರು, ಕೋಲು ಹಿಡಿದಿದ್ದರು. ನನ್ನನ್ನು ಗುರುತಿಸಿ ಹತ್ತಿರ ಬಂದರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವರು ನನ್ನ ಕೈ ಹಿಡಿದುಕೊಂಡು, "ಅವತ್ತು ನಿಜವಾಗ್ಲೂ ಒಪ್ಪತ್ತಿದ್ದೆ ಕಣ್ರವ್ವ" ಎಂದರು. ನಾನು ಕೈ ಬಿಡಿಸಿಕೊಂಡು ಬಸ್ಸು ಹತ್ತಿದೆ.

ಮೊಮ್ಮಗಳೇ, ನಿನ್ನ ತಾತನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೆ. ಚೀಟಿಯನ್ನು ಮುಖಪುಟಕ್ಕೆ ಹಾಕುವುದಾದರೆ ಹಾಕು. ಅದರ ಕೆಳಗೆ ಇನ್ನೊಂದು ಸಂಗತಿಯನ್ನೂ ಹಾಕು.

ಆ ಮಳೆಗಾಲವಾದ ಮೇಲೂ ನಾನು ಹಾಡಿಗೆ ಹೋಗುವುದು ಬಿಡಲಿಲ್ಲ. ಬೊಮ್ಮಿ ನನ್ನನ್ನು ಬೈಯಲಿಲ್ಲ, ಬರಬೇಡ ಅನ್ನಲಿಲ್ಲ. ಎರಡು ವರ್ಷಕ್ಕೆ ಇನ್ನೊಂದು ಹೆಣ್ಣು ಹುಟ್ಟಿತು, ಅದನ್ನೂ ನಾನೇ ತೆಗೆದೆ. ಅದಕ್ಕೆ ಮೊದಲ ಸಲ ಜ್ವರ ಬಂದಾಗ ಕ್ವಿನೈನ್ ಔಷಧಿಯನ್ನು ಚಮಚಕ್ಕೆ ಬಗ್ಗಿಸಿ ಮಗುವಿನ ಬಾಯಿಗೆ ಹಿಡಿದೆ. ಬೊಮ್ಮಿ ನನ್ನ ಮುಂಗೈ ಹಿಡಿದಳು. ಚಮಚವನ್ನು ತನ್ನ ಮೂಗಿನ ಹತ್ತಿರ ತಂದು ನೋಡಿದಳು. ಆಮೇಲೆ ನನ್ನ ಕೈಯನ್ನು ನನ್ನ ಬಾಯಿಯ ಕಡೆಗೇ ತಿರುಗಿಸಿದಳು.

"ಮೊದ್ಲು ನೀ ಕುಡಿ" ಎಂದಳು.

ಕುಡಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಸುಮಾರು ಹೊತ್ತು ಕಾದಳು. ಆಮೇಲೆ ಮಗುವಿನ ಬಾಯಿ ತೆರೆದು ಹಿಡಿದಳು. ಆ ಕಡೆ ನಾನು ಇನ್ನೂ ಏಳು ವರ್ಷ ಇದ್ದೆ. ಹಾಡಿಯಲ್ಲಿ ಯಾವ ಮಗುವಿಗೆ ಯಾವ ಔಷಧಿ ಕೊಟ್ಟರೂ ಮೊದಲ ಚಮಚ ನನ್ನದೇ. ಒಂದು ಸಲವೂ ನಾನು ಇವತ್ತು ಒಪ್ಪತ್ತು ಅನ್ನಲಿಲ್ಲ.